‘ಗಂಟೂ ತಗದೇವಿ’

ಮೊದಲು ನನ್ನ ಹಣೆಯ ಕುಂಕುಮ ಉದುರತೊಡಗಿತು. ಬೆಳಿಗ್ಗೆ ಜಳಕ ಮಾಡಿ, ದೇವರ ಮುಂದೆ ನಿಂತು, ಉಂಗುರ ಬೆರಳಿನಿಂದ ಒತ್ತಿ ಹಚ್ಚಿಕೊಂಡ ಕುಂಕುಮ ಶಾಲೆ ಮುಟ್ಟುವಷ್ಟರಲ್ಲಿ ಮೂಗಿನ ಮೇಲೆ, ಸೀರೆಯ ಮೇಲೆ, ಮಕ್ಕಳ ನಿಬಂಧದ ಹಾಳೆಗಳ ಮೇಲೆ ಬಿದ್ದಿರುತ್ತಿತ್ತು. ಹಣೆ ಹಿಟ್ಟು ಸವರಿದ ಹಾಗೆ ಒಣಗಿತ್ತು. ಅದಕ್ಕೆ ಏನೂ ಅಂಟುತ್ತಿರಲಿಲ್ಲ. ನೋಡಿದವರಲ್ಲಿ ಒಬ್ಬರಾದರೂ ‘ನಿನ್ನ ಚರ್ಮಕ್ಕೇನಾಗಿದೆ’ ಎಂದು ಕೇಳಿದ್ದರೆ ನಾನು ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ನಮ್ಮ ಅತ್ತೆ ನೋಡಿದರು. ಆದರೆ ಅವರು ಹೇಳಿದ್ದೇ ಬೇರೆ.

“ಕುಂಕುಮ ಉದುರೋದು ಚಲೋ ಅಲ್ಲ. ಅವಗ ಏನರ ತ್ರಾಸ ಇರಬೇಕು. ಮೊದಲ ಅವನ್ನ ದವಾಖಾನಿಗೆ ಕಳಸು.”

ಕಳಿಸಿದೆವು. ನಮ್ಮವರು ಸಿಂದಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವರು, ಎತ್ತಿನಂಥ ಮನುಷ್ಯ. ರಕ್ತದೊತ್ತಡ ನೋಡಿದರು, ಸಕ್ಕರೆ ನೋಡಿದರು, ಎದೆಗೆ ವೈರು ಹಚ್ಚಿ ಇಸಿಜಿ ತೆಗೆದರು. ಉದುರಿದ್ದು ನನ್ನ ಹಣೆಯದು, ತಪಾಸಣೆಯಾದದ್ದು ಅವರ ಎದೆಯದು! ಎಲ್ಲ ಸರಿಯಿದೆಯೆಂದು ಗೊತ್ತಾದ ಮೇಲೆ ಅತ್ತೆ ದೇವರಿಗೆ ಕಾಯಿ ಒಡೆಸಿದರು, ಮನೆಯಲ್ಲಿ ಹೋಳಿಗೆಯಾಯಿತು. ನಾನು ಹೋಳಿಗೆ ಬಡಿಸುತ್ತ ಮೊಣಕೈ ತುರಿಸಿಕೊಳ್ಳುತ್ತಿದ್ದೆ. ಆ ದಿನದ ಸಮಾಧಾನ ನೆನೆಸಿಕೊಂಡರೆ ನನಗೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ.

ನಾನು ಸಿಂದಗಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ತವರು ಇಂಡಿ ತಾಲ್ಲೂಕಿನ ತಾಂಬಾ. ಅಲ್ಲಿ ನಮ್ಮಪ್ಪನ ಲಿಂಬೆ ತೋಟವಿದೆ. ನನಗೊಬ್ಬಳೇ ತಂಗಿ, ನೀಲಾ. ಅವಳನ್ನು ಮುದ್ದೇಬಿಹಾಳ ಕಡೆ, ಹೊಳೆ ದಂಡೆಯ ತಂಗಡಗಿಗೆ ಕೊಟ್ಟಿದೆ. ಕುಂಕುಮ ಉದುರತೊಡಗಿದಾಗ ನನಗೆ ನಲವತ್ತು ಕೂಡ ಆಗಿರಲಿಲ್ಲ. ಅದಕ್ಕೂ ಸ್ವಲ್ಪ ಹಿಂದೆ ನನ್ನ ‘ಚೀಲ’ ತೆಗೆಸಿದ್ದರು.

ಚೀಲ ಎಂದರೆ ಗರ್ಭಕೋಶ. ಪಠ್ಯಪುಸ್ತಕದಲ್ಲಿ ಗರ್ಭಕೋಶ, ಅಂಡಾಶಯ ಎಂಬ ಚೆಂದದ ಶಬ್ದಗಳಿವೆ. ದವಾಖಾನೆಯ ಬಾಗಿಲು ದಾಟಿದರೆ ಅವು ಮಾಯ. ಇಂಡಿಗೆ ಹೋಗಲಿ, ಸಿಂದಗಿಗೆ ಹೋಗಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲಿಗೇ ಹೋಗಲಿ, ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತರೆ ಒಂದಲ್ಲ ಒಂದು ಬಾಯಿಂದ ಈ ಮಾತು ಬರುತ್ತದೆ: “ಅಕೀದು ಚೀಲಾ ತಗದಾರ.” ಜೋಳದ ಚೀಲ ಅಟ್ಟದಿಂದ ಇಳಿಸಿದಷ್ಟು ಸಲೀಸಾಗಿ ಹೇಳುತ್ತಾರೆ. ಖಾಲಿಯಾದ ಚೀಲ ಮನೆಯಲ್ಲಿಟ್ಟುಕೊಂಡು ಯಾರೇನು ಮಾಡುತ್ತಾರೆ? ಶಬ್ದವೇ ಅರ್ಧ ಆಪರೇಷನ್ ಮುಗಿಸಿಬಿಟ್ಟಿರುತ್ತದೆ.

ನನಗೆ ಮುಟ್ಟಿನ ಸ್ರಾವ ಬಹಳವಾಗಿತ್ತು. ಪಾಠ ಮಾಡುತ್ತ ಮಾಡುತ್ತ ಕುರ್ಚಿ ಹಿಡಿದು ನಿಲ್ಲುವ ಹಾಗೆ ಆಗುತ್ತಿತ್ತು. ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಅದರ ಹೆಸರು ಹೇಳುವುದಿಲ್ಲ, ಊರಿನ ಹೆಸರೂ ಹೇಳುವುದಿಲ್ಲ. ಹೇಳಿದರೆ ಓದುವವರು ‘ಅಯ್ಯೋ, ಅದೊಂದೇ ಕೆಟ್ಟದ್ದು’ ಎಂದು ನಿರಾಳವಾಗಿಬಿಡುತ್ತಾರೆ. ಡಾಕ್ಟರು ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ನಮ್ಮವರ ಕಡೆ ತಿರುಗಿ ಮಾತಾಡಿದರು. ನಾನು ಮಗ್ಗುಲ ಕುರ್ಚಿಯಲ್ಲೇ ಇದ್ದೆ.

“ಮಕ್ಕಳಾಗ್ಯಾವಲ್ರಿ?”

“ಎರಡು ಅದಾವ್ರಿ, ಸಾಹೇಬ್ರ.”

“ಮತ್ತೇನ! ಚೀಲಾ ತಗದಬಿಡೂಣು. ಇಟ್ಟಕೊಂಡ್ರ ನಾಳೆ ಕ್ಯಾನ್ಸರ್ ಆದೀತು.”

ಆ ಕೊನೆಯ ಶಬ್ದ ಕಿವಿಗೆ ಬಿದ್ದ ಮೇಲೆ ಯಾರಿಗೂ ಬೇರೇನೂ ಕೇಳಲಿಲ್ಲ. ಮನೆಗೆ ಬಂದಾಗ ನಾನೇ ಸ್ವಲ್ಪ ಹಿಂದೆ ಮುಂದೆ ನೋಡಿದೆ. ವಿಜಯಪುರದಲ್ಲಿ ಇನ್ನೊಬ್ಬರಿಗೆ ತೋರಿಸೋಣವೇ ಎಂದೆ. ಅತ್ತೆ ಮಾತು ಕಡಿದರು. “ಮಕ್ಕಳು ಆದುವು, ಮುಗೀತು. ನಿನ್ನ ಗಂಟೇನ ಹೋಗತೈತಿ ಈಗ? ನಾನೂ ತಗಿಸೇನಿ. ಏನಾಗೇತಿ ನನಗ?”

ಆಪರೇಷನ್ ಆದ ಸಂಜೆ, ಇನ್ನೂ ಮಂಪರಿನಲ್ಲಿದ್ದಾಗ, ಡಾಕ್ಟರು ನಮ್ಮವರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. “ಎಲ್ಲಾ ಚಲೋ ಆತು. ಚೀಲದ ಜೋಡಿ ಎರಡೂ ಗಂಟೂ ತಗದೇವಿ. ಇನ್ನ ಮುಂದ ಕಾಳಜಿನ ಇಲ್ಲ.”

ಗಂಟು ಎಂದರೆ ನಮಗೆಲ್ಲ ಗೆಡ್ಡೆ. ಒಳಗೆ ಕೆಟ್ಟ ಗಂಟು ಇತ್ತು, ದೇವರು ದೊಡ್ಡವನು, ತೆಗೆದರು. ಈ ಸುದ್ದಿ ನನಗಿಂತ ಮುಂಚೆ ತಾಂಬಾ ಮುಟ್ಟಿತು. ನೋಡಲು ಬಂದವರು ಮೋಸಂಬಿ, ಬಿಸ್ಕೀಟು ಕೆಳಗಿಡುತ್ತ ಅದನ್ನೇ ಹೇಳಿದರು: “ಗಂಟೂ ಇದ್ದುವಂತಲ್ಲವ್ವಾ! ಪಾರಾದಿ ನೋಡು!” ನಮ್ಮವ್ವ ಲಚ್ಯಾಣದ ಮಠಕ್ಕೆ ಹೋಗಿ ಎಣ್ಣೆ ಹಾಕಿ ಬಂದಳು. ನನ್ನ ಅಂಡಾಶಯ ಕಿತ್ತುಕೊಂಡದ್ದಕ್ಕೆ ನನ್ನ ಹೆತ್ತವ್ವ ದೇವರಿಗೆ ದೀಪ ಹಚ್ಚಿದಳು. ಆಗ ಆಕೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಹೌದು, ಆ ಎರಡು ಗಂಟು ನನ್ನ ಎರಡು ಅಂಡಾಶಯಗಳು. ಇದನ್ನು ನಾನು ಈಗಲೇ ಹೇಳಿಬಿಡುತ್ತೇನೆ. ನನಗೆ ಆ ಸತ್ಯ ಮುಟ್ಟಲು ಹಿಡಿದಷ್ಟು ಹೊತ್ತು ಓದುವವರನ್ನು ಕತ್ತಲಲ್ಲಿ ಕೂಡ್ರಿಸುವುದು ನ್ಯಾಯವಲ್ಲ.

ಸ್ರಾವ ನಿಂತಿತು. ಅದೊಂದು ನಿಜವಾದ ಸುಖ, ಇಲ್ಲವೆನ್ನುವುದಿಲ್ಲ. ಆದರೆ ಬೇರೆಲ್ಲ ಶುರುವಾಯಿತು. ಸುಮ್ಮನೆ ಕೂತಾಗ ಎದೆಯಿಂದ ಬೆಂಕಿ ಎದ್ದು ಮುಖಕ್ಕೆ ಬಡಿಯುತ್ತಿತ್ತು. ಅದಾದ ಮೇಲೆ ಚರ್ಮ. ಮೊಣಕೈ ಬೂದಿ ಬಣ್ಣಕ್ಕೆ ತಿರುಗಿತು. ತುಟಿಯ ಸುತ್ತ ಸಣ್ಣ ಗೆರೆಗಳೆದ್ದವು. ತೋಳಿನ ಮೇಲೆ ಇರುವೆ ಹರಿದಂತಾಗುತ್ತಿತ್ತು, ನೋಡಿದರೆ ಒಂದೂ ಇರುವೆ ಇಲ್ಲ. ರಜೆಗೆ ತಾಂಬಾಕ್ಕೆ ಹೋಗಿ ಅಪ್ಪನ ತೋಟದಲ್ಲಿ ಲಿಂಬೆ ಹರಿದರೆ, ಮುಳ್ಳು ತಾಗಿದ ಗೀರು ಮುಂದಿನ ರಜೆಯವರೆಗೂ ಕೆಂಪಗೇ ಇರುತ್ತಿತ್ತು. ಹುಟ್ಟಿದಾಗಿನಿಂದ ಅದೇ ಮುಳ್ಳು, ಅದೇ ಕೈ. ಹೀಗೆ ಎಂದೂ ಆಗಿರಲಿಲ್ಲ.

ಶಾಲೆಯಲ್ಲಿ ಇನ್ನೊಂದು ಅವಮಾನ ಕಾದಿತ್ತು. ಹಾಜರಿಗೆ ಹೆಬ್ಬೆಟ್ಟು ಒತ್ತುವ ಯಂತ್ರ ತಂದಿದ್ದರು. ಎಲ್ಲರೂ ಒತ್ತುತ್ತಾರೆ, ಅದು ಕುಂಯ್ ಎಂದು ಹಸಿರು ದೀಪ ಬಿಡುತ್ತದೆ. ನಾನು ಒತ್ತಿದರೆ ಕೆಂಪು. ತೊಳೆದು ಒತ್ತಿದೆ, ಒರೆಸಿ ಒತ್ತಿದೆ, ಉಸಿರು ಊದಿ ಒತ್ತಿದೆ. ಆಗಲೂ ಕೆಂಪು. ಹಿಂದೆ ಸಾಲು ಬೆಳೆಯುತ್ತಿತ್ತು. ಮುಖ್ಯೋಪಾಧ್ಯಾಯರು ಎಲ್ಲರೆದುರಿಗೆ ನಕ್ಕರು: “ಏನ್ರಿ ಟೀಚರ್, ಮಿಷನ್ನಿಗೆ ನಿಮ್ಮ ಗುರುತ ಸಿಗವಲ್ದು! ಖರೇನ ನೀವ ಹೌದಲ್ಲೋ?” ಶಿಕ್ಷಕರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಹತ್ತನೆಯ ತರಗತಿಗೆ ಹೋಗಿ ಬೋರ್ಡಿನ ಕಡೆ ಮುಖ ಮಾಡಿ ಬಹಳ ಹೊತ್ತು ಬರೆದೆ. ಕಣ್ಣಲ್ಲಿ ನೀರು ಬಂದಿತ್ತು.

ಡಾಕ್ಟರಿಗೆ ತೋರಿಸಲಿಲ್ಲವೇ ಎಂದು ಕೇಳಬೇಡಿ. ತೋರಿಸಿ ತೋರಿಸಿ ನನ್ನ ಚಪ್ಪಲಿ ಸವೆದವು. ಒಬ್ಬರು ಅಲರ್ಜಿ ಎಂದು ಬದನೆಕಾಯಿ ಬಿಡಿಸಿದರು. ಇನ್ನೊಬ್ಬರು ಸೀಮೆಸುಣ್ಣದ ಧೂಳು ಎಂದರು. ಮತ್ತೊಬ್ಬರು ಹುಳುಕಡ್ಡಿಯ ಮುಲಾಮು ಕೊಟ್ಟರು, ಅದು ಇದ್ದ ಚರ್ಮವನ್ನೂ ಸುಟ್ಟಿತು. ಮೈಯ ಬೆಂಕಿಗೆ ಒಬ್ಬರು ನಿದ್ದೆ ಗುಳಿಗೆ ಬರೆದುಕೊಟ್ಟು, “ಟೆನ್ಷನ್ ಮಾಡ್ಕೋಬ್ಯಾಡ್ರಿ” ಎಂದು ಕಳಿಸಿದರು. ಮನೆಯವರ ವೈದ್ಯ ಬೇರೆ. ಕುಸುಬೆ ಎಣ್ಣೆ, ಹಾಲಿನ ಕೆನೆ, ಲೋಳೆಸರ, ಕಡಲೆಹಿಟ್ಟು. ಉಷ್ಣ ಆಗಿದೆ ಎಂದು ಮಜ್ಜಿಗೆ ಕುಡಿಸಿದವರೆಷ್ಟೋ. ಒಂದು ಮದುವೆಯಲ್ಲಿ ನಮ್ಮವರ ಅತ್ತಿಗೆ ನನ್ನ ಗಲ್ಲ ಹಿಡಿದು, “ಎಷ್ಟ ಜಲ್ದಿ ಮುದಕಿ ಆದಿ ನೀ!” ಎಂದಳು. ಅವಳಿಗೆ ನನಗಿಂತ ಹೆಚ್ಚು ವಯಸ್ಸು. ಪ್ರತಿಯೊಬ್ಬರೂ ನನ್ನ ಚರ್ಮ ನೋಡಿದರು. ಚರ್ಮದ ಒಳಗೆ ಏನು ನಡೆದಿದೆಯೆಂದು ಯಾರೂ ಕೇಳಲಿಲ್ಲ.

ಕೇಳಿದವರು ಕೊನೆಗೆ ಸಿಕ್ಕರು, ಅದೂ ಅಕಸ್ಮಾತ್. ಮಗಳ ಮೊಡವೆ ತೋರಿಸಲು ವಿಜಯಪುರದ ಒಬ್ಬ ಚರ್ಮದ ಡಾಕ್ಟರ ಬಳಿ ಹೋಗಿದ್ದೆ. ಹೆಣ್ಣುಮಗಳು. ಮಗಳಿಗೆ ಔಷಧ ಬರೆದುಕೊಡುತ್ತ, ಚೀಟಿ ತೆಗೆದುಕೊಳ್ಳಲು ಚಾಚಿದ ನನ್ನ ಕೈಯನ್ನು ಹಾಗೇ ಹಿಡಿದರು. ಹಿಂಗೈಯ ಚರ್ಮ ಚಿವುಟಿ ಬಿಟ್ಟರು. ಅದು ಎದ್ದದ್ದು ಎದ್ದ ಹಾಗೇ ಸ್ವಲ್ಪ ಹೊತ್ತು ನಿಂತಿತು.

“ಮುಟ್ಟ ನಿಂತೈತೇನ್ರಿ ನಿಮ್ಮದು?”

“ಚೀಲಾ ತಗದಾರ್ರಿ.”

“ಅಂಡಾಶಯ ಇಟ್ಟಾರಿಲ್ಲೊ?”

“ಇಟ್ಟಿರಬೇಕ್ರಿ. ಚೀಲಾ ಅಷ್ಟ ತಗದದ್ದು. ಮತ್ತ ಒಳಗ ಎರಡು ಗಂಟಿದ್ದುವಂತ್ರಿ, ಅವನ್ನೂ ತಗದಾರ.”

ಅವರು ನನ್ನ ಕೈ ಬಿಡಲಿಲ್ಲ. “ಎರಡು ಗಂಟು. ಒಂದು ಎಡಕ್ಕ, ಒಂದು ಬಲಕ್ಕ. ಹೌದಿಲ್ಲೊ?”

ಕನ್ನಡ ಟೀಚರಿಗೆ ಒಂದು ಶಬ್ದದ ಅರ್ಥ ಬಿಚ್ಚಿಕೊಳ್ಳಲು ಅಷ್ಟು ಸಾಕಾಯಿತು. ಮಗಳು ಮಗ್ಗುಲಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದಳು. ನನಗೆ ಅಳು ಬರಲಿಲ್ಲ. ಕಿವಿ ಬಿಸಿಯಾಯಿತು. ಗಂಟು ಎಂಬ ಶಬ್ದವನ್ನು ನಾನು ಮಕ್ಕಳಿಗೆ ಎಷ್ಟು ಸಲ ಕಲಿಸಿಲ್ಲ! ಸೀರೆಯ ಸೆರಗಿನ ಗಂಟು, ಮದುವೆಯ ಬ್ರಹ್ಮಗಂಟು, ಮುಖ ಗಂಟು ಹಾಕಿಕೊಳ್ಳುವುದು, ಅಜ್ಜಿ ಕೂಡಿಟ್ಟ ಗಂಟು. ಇಷ್ಟೆಲ್ಲ ಅರ್ಥ ಗೊತ್ತಿದ್ದವಳಿಗೆ ಒಂದೇ ಒಂದು ಅರ್ಥ ಗೊತ್ತಿರಲಿಲ್ಲ. ಅದು ನನ್ನ ಹೊಟ್ಟೆಯಲ್ಲಿತ್ತು.

ಅವರೇ ಅದೇ ಊರಿನ, ತಮ್ಮ ಪರಿಚಯದ ಸ್ತ್ರೀರೋಗ ತಜ್ಞೆಯ ಬಳಿ ಕಳಿಸಿದರು. ಅಲ್ಲಿನ ಕಾಯುವ ಕೋಣೆಯನ್ನು ನಾನು ಮರೆಯಲಾರೆ. ಗೋಡೆಯ ತುಂಬ ನಗುವ ಕೂಸುಗಳ ಚಿತ್ರ. ಬೆಂಚಿನ ತುಂಬ ಬಸುರಿಯರು, ಅವರ ಅವ್ವಂದಿರು, ಬುತ್ತಿಯ ಡಬ್ಬಿಗಳು. ಮಗ್ಗುಲಲ್ಲಿದ್ದ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮಗಳ್ನ ಕರಕೊಂಡ ಬಂದೀರೇನ್ರಿ?” ಎಂದಳು. ನಾನೇ ಪೇಷಂಟು ಎಂದೆ. ಅವಳು ಪಾಪ, ತನ್ನ ಡಬ್ಬಿಯಿಂದ ಒಂದು ಶೇಂಗಾದ ಉಂಡೆ ತೆಗೆದು ನನ್ನ ಕೈಗಿಟ್ಟಳು. ಏನು ಹೇಳಬೇಕೆಂದು ತಿಳಿಯದಾಗ ತಿನ್ನಲು ಕೊಡುವುದು ನಮ್ಮ ಕಡೆಯ ಹೆಂಗಸರ ಗುಣ. ಆ ಉಂಡೆ ನನ್ನನ್ನು ಅವತ್ತು ಕುಸಿಯದಂತೆ ಹಿಡಿದು ನಿಲ್ಲಿಸಿತು.

ತಪಾಸಣೆಗಳಾದವು. ಅಂಡಾಶಯ ಎರಡೂ ಇರಲಿಲ್ಲ. ತಜ್ಞೆ ನಿಧಾನವಾಗಿ ಮಾತಾಡುವವರು. ಎಸ್ಟ್ರೋಜನ್ ಎಂಬ ಹಾರ್ಮೋನು ಅಲ್ಲಿಂದ ಬರುತ್ತಿತ್ತು, ಅದು ಒಮ್ಮೆಲೇ ನಿಂತುಹೋಗಿದೆ, ಅದನ್ನು ಹೊರಗಿನಿಂದ ಕೊಡಬೇಕು ಎಂದರು. ನನಗೆ ಬರೆದದ್ದು ಮೈಗೆ ಹಚ್ಚಿಕೊಳ್ಳುವ ಜೆಲ್ಲು. “ಇದ ಎಲ್ಲಾರಿಗೂ ಆಗಿ ಬರಂಗಿಲ್ರಿ. ನಿಮ್ಮದೆಲ್ಲಾ ನೋಡೇನ ಕೊಡಾಕತ್ತೇನಿ. ಆಗಾಗ ಬಂದು ತಪಾಸ ಮಾಡಿಸಬೇಕು,” ಎಂದು ಎಚ್ಚರಿಸಿದರು. ನಾನು ಚರ್ಮ ಸರಿಹೋಗುತ್ತದೆಯೇ ಎಂದು ಕೇಳಿದೆ. “ತೊಗಲಿನ ಸಲುವಾಗಿ ಅಲ್ರಿ ಇದು. ನಿಮ್ಮ ಎಲುವು, ನಿಮ್ಮ ಎದಿ, ಅವಕ್ಕ ಬೇಕಾಗೇತಿ. ತೊಗಲು ಸುಧಾರಿಸಿದ್ರ ನಿಮ್ಮ ನಸೀಬು.”

ಆ ನಸೀಬಿನ ಕಥೆಗೆ ಬರುವ ಮುಂಚೆ ಮನೆಯ ಕಥೆ ಹೇಳಬೇಕು. ಸುದ್ದಿ ಕೇಳಿ ನಮ್ಮವರು ಅಂಗಡಿಯ ಕುರ್ಚಿಯಲ್ಲಿ ಕೂತಂತೆ ಕೂತರು. “ಗಂಟಂದ್ರು, ನಾ ಗಂಟ ಅಂತ ತಿಳಕೊಂಡೆ,” ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳು. ಆದರೆ ಅವರಿಗಿಂತ ಹೆಚ್ಚು ಸಿಟ್ಟು, ನನ್ನ ಹೊಟ್ಟೆಯ ಸುದ್ದಿಯನ್ನು ಗೊಬ್ಬರ ಮಾರುವ ಮನುಷ್ಯನಿಗೆ ಹೇಳಿ ನನಗೆ ಹೇಳದೆ ಹೋದವರ ಮೇಲೆ.

ಅತ್ತೆಗೆ ಜೆಲ್ಲೇ ದೊಡ್ಡ ಸಂಶಯ. ದಿನಾ ಬೆಳಿಗ್ಗೆ ತೋಳಿಗೆ ಹಚ್ಚಿ ಆರಲು ಬಿಡುತ್ತಿದ್ದೆ. ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಹೋದದ್ದ ಹೋತು. ದೇವ್ರು ನಿಲ್ಲಸಿದ್ದನ್ನ ಯಾಕ ಎಬ್ಬಸ್ತಿ?” ದೇವರಲ್ಲ ನಿಲ್ಲಿಸಿದ್ದು, ಕತ್ತರಿ ನಿಲ್ಲಿಸಿದ್ದು ಎಂದೆ. ಅವರಿಗೆ ರುಚಿಸಲಿಲ್ಲ. ಮದುವೆಯಲ್ಲಿ ಗಲ್ಲ ಹಿಡಿದ ಆ ಅತ್ತಿಗೆಗೆ ಹ್ಯಾಗೋ ಗೊತ್ತಾಗಿ, “ಹರೇದ ಮುಲಾಮ ಹಚ್ಕೊಳ್ಳಾಕತ್ತಾಳಂತ! ಮತ್ತೊಮ್ಮಿ ಮದವಿ ಆಗಾಕಿ ಏನು?” ಎಂದು ಊರೆಲ್ಲ ಹಬ್ಬಿಸಿದಳು. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಚುಚ್ಚಿಕೊಂಡರೆ ಯಾರೂ ನಗುವುದಿಲ್ಲ. ಹೆಂಗಸು ತನ್ನದೇ ಹಾರ್ಮೋನು ವಾಪಸು ತೆಗೆದುಕೊಂಡರೆ ಮಾತ್ರ ಎಲ್ಲರಿಗೂ ಅಲ್ಲೊಂದು ಲಗ್ನ ಕಾಣಿಸುತ್ತದೆ!

ಮೊದಮೊದಲು ಏನೂ ಆಗಲಿಲ್ಲ. ಕನ್ನಡಿ ನೋಡಿ ನೋಡಿ ಬೇಸತ್ತು ನೋಡುವುದನ್ನೇ ಬಿಟ್ಟೆ. ಒಂದು ದಿನ ನಿಬಂಧ ತಿದ್ದುತ್ತ ಕೂತಾಗ ಏನೋ ಕಡಿಮೆಯಿದೆ ಅನ್ನಿಸಿತು. ಏನೆಂದು ಹೊಳೆಯಲು ಹೊತ್ತು ಹಿಡಿಯಿತು: ನಾನು ತುರಿಸಿಕೊಂಡಿರಲಿಲ್ಲ. ತೋಳಿನ ಇರುವೆಗಳು ಎಂದು ಹೋದವೋ ತಿಳಿಯದು. ನೋವು ಬಂದ ದಿನ ನೆನಪಿರುತ್ತದೆ, ಹೋದ ದಿನ ನೆನಪಿರುವುದಿಲ್ಲ.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿದವು. ಮಧ್ಯಾಹ್ನದ ಹೊತ್ತಿಗೆ ಕನ್ನಡಕ ಮೂಗಿನಿಂದ ಜಾರಿತು. ಮೂಗಿನ ಮೇಲೆ ಜಿಡ್ಡು ಬಂದಿತ್ತು. ಹದಿನಾರರಲ್ಲಿ ಕಡಲೆಹಿಟ್ಟಿನಿಂದ ತಿಕ್ಕಿ ತೆಗೆದ ಜಿಡ್ಡನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದೆ. ಮೊಣಕೈಯ ಬೂದಿ ಬಣ್ಣ ತಿಳಿಯಾಯಿತು. ಬಳೆ ಇಡಿಸಿಕೊಳ್ಳುವಾಗ ಹಿಂಗೈ ಮೊದಲಿನ ಹಾಗೆ ಗೀರಲಿಲ್ಲ. ಬೇಸಿಗೆ ರಜೆಗೆ ತಾಂಬಾಕ್ಕೆ ಹೋಗಿ ಲಿಂಬೆ ಹರಿದು ಮುಳ್ಳು ತಗುಲಿಸಿಕೊಂಡೆ. ಗೀರು ಬೇಗ ಹೆಪ್ಪುಗಟ್ಟಿ, ಹೊಟ್ಟಾಗಿ, ಉದುರಿ, ನಾನು ಸಿಂದಗಿಗೆ ವಾಪಸಾಗುವಷ್ಟರಲ್ಲಿ ಗುರುತೂ ಇರಲಿಲ್ಲ. ಅಪ್ಪನಿಗೆ ತೋರಿಸಿದೆ. ಆತನಿಗೆ ಏನು ತೋರಿಸುತ್ತಿದ್ದೇನೆಂದೇ ತಿಳಿಯಲಿಲ್ಲ. “ಏನೂ ಇಲ್ಲಲ್ಲವಾ ಅಲ್ಲಿ,” ಎಂದ. ಅದೇ ಅಪ್ಪಾ, ಅದನ್ನೇ ತೋರಿಸುತ್ತಿದ್ದೇನೆ ಎಂದೆ.

ಶಾಲೆ ಶುರುವಾದ ವಾರ, ರೂಢಿಯಂತೆ ಯಂತ್ರದ ಮುಂದೆ ನಿಂತು ಅದರ ಕೆಂಪಿಗೆ ಕಾಯುತ್ತಿದ್ದೆ. ಕುಂಯ್ ಎಂದು ಹಸಿರು ಬಂತು. ಮುಖ್ಯೋಪಾಧ್ಯಾಯರು ಚಹಾ ಕುಡಿಯುತ್ತಿದ್ದರು. “ಗುರುತ ಸಿಕ್ಕತ್ರಿ ಸರ್,” ಎಂದೆ. “ನಾನಽ ಹೌದಂತ.” ಅವರಿಗೆ ತಮ್ಮ ಹಳೆಯ ನಗೆ ಮರೆತಿತ್ತು, ಏನೆಂದು ಅರ್ಥವಾಗಲಿಲ್ಲ. ನನಗೆ ಮರೆತಿರಲಿಲ್ಲ.

ಎಲ್ಲ ಬಂಗಾರವಾಯಿತು ಎಂದು ತಿಳಿಯಬೇಡಿ. ತುಟಿಯ ಸುತ್ತಲಿನ ಗೆರೆಗಳು ಹೋಗಲಿಲ್ಲ. ಮಳೆಗಾಲದ ಹೊತ್ತಿಗೆ ಬಲಗಲ್ಲದ ಮೇಲೆ ತಿಳಿ ಕಂದು ಬಣ್ಣದ ಬಂಗು ಮೂಡಿತು. ಅತ್ತೆ, “ನೋಡ, ನಾ ಹೇಳಿಲ್ಲೇನ?” ಎಂದರು. ಓಡಿ ವಿಜಯಪುರಕ್ಕೆ ಹೋದೆ. ಹಾರ್ಮೋನಿನಿಂದ ಕೆಲವರಿಗೆ ಹೀಗಾಗುವುದುಂಟು, ಬಿಸಿಲು ಅದನ್ನು ಹೆಚ್ಚಿಸುತ್ತದೆ, ಮುಖಕ್ಕೆ ಹಚ್ಚಲು ಇದು, ಕೊಡೆ ಹಿಡಿಯಿರಿ ಎಂದರು ತಜ್ಞೆ. ಏನಾಗಬಹುದು, ಯಾಕಾಗುತ್ತದೆ, ಏನು ಮಾಡಬೇಕು, ಮೂರನ್ನೂ ನನ್ನ ಮುಖ ನೋಡಿ ನನಗೇ ಹೇಳಿದರು. ನಮ್ಮವರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಆ ಬಂಗು ಇನ್ನೂ ಇದೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಹೇಳಿ ಬಂದದ್ದು ಅದು.

ಸಿಂದಗಿಯ ಬಿಸಿಲಲ್ಲಿ ಕಪ್ಪು ಕೊಡೆ ಹಿಡಿದು ಓಡಾಡುವ ಟೀಚರನ್ನು ನೋಡಿ ಜನ ನಕ್ಕರು. ನಗಲಿ.

ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಅತ್ತೆ ನನ್ನ ಕೋಣೆಗೆ ಬಂದು ಮಂಚದ ತುದಿಗೆ ಕೂತರು. ಅವರು ಹಾಗೆ ಬಂದು ಕೂತವರೇ ಅಲ್ಲ. ಕುಪ್ಪಸದ ತೋಳು ಮೇಲೆ ಸರಿಸಿದರು. ತೋಳಿನ ತುಂಬ ಹಳೆಯ ತುರಿಕೆಯ ಗಾಯದ ಕಲೆಗಳು, ಕಾಗದದಂಥ ಚರ್ಮ.

“ನನಗೂ ಹಂಗ ಅಂದಿದ್ರು,” ಎಂದರು.

“ಏನಂತ್ರಿ?”

“ಗಂಟೂ ತಗದೇವಿ ಅಂತ. ನಿಮ್ಮ ಮಾವ ಊರೆಲ್ಲಾ ಪೇಢೆ ಹಂಚಿದ್ರು.” ಅವರು ತೋಳು ಇಳಿಸಿಕೊಂಡರು. “ನನ್ನ ಮಗಗ ಆಗಿನ್ನೂ ಸಾಲಿ ಹಚ್ಚಿದ್ದಿಲ್ಲ. ಎಷ್ಟ ಸಣ್ಣಾಕಿ ಇದ್ದೆ ನಾ! ಮೈ ಉರೀತೈತಿ ಅಂದ್ರ ಮೈಯಾಗ ದೇವರು ಬರ್ತೈತಿ ಅಂದ್ರು. ತುರಸ್ತೈತಿ ಅಂದ್ರ ಜಳಕ ಮಾಡಂಗಿಲ್ಲೇನ ಅಂದ್ರು.”

‘ಏನಾಗೇತಿ ನನಗ’ ಎಂದು ನನ್ನನ್ನು ಆಪರೇಷನ್ನಿಗೆ ಕಳಿಸಿದ ಬಾಯಿ ಅದೇ. ಏನೇನಾಗಿತ್ತೋ ಅದನ್ನು ಯಾರೂ ಕಾಯಿಲೆ ಎಂದು ಒಪ್ಪಿರಲಿಲ್ಲವಾದ್ದರಿಂದ ಅವರ ಲೆಕ್ಕದಲ್ಲಿ ಏನೂ ಆಗಿರಲಿಲ್ಲ. ನನ್ನ ಸಿಟ್ಟು ಅವರನ್ನು ಬಿಟ್ಟು ಹೋಯಿತು. ವಿಜಯಪುರಕ್ಕೆ ಅವರನ್ನೂ ಕರೆದೊಯ್ದೆ. ಅವರ ವಯಸ್ಸಿಗೆ ಈಗ ಹಾರ್ಮೋನು ಶುರುಮಾಡುವುದು ಸರಿಯಲ್ಲ ಎಂದರು ಡಾಕ್ಟರು. ಎಲುಬಿಗೆ ಗುಳಿಗೆ, ತೋಳಿಗೆ ಹಚ್ಚಲು ಒಂದು ಕ್ರೀಮು ಕೊಟ್ಟರು. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ ಕಿಟಕಿಯ ಹೊರಗೆ ನೋಡುತ್ತ, “ಒಬ್ಬರರ ಕೇಳಿದ್ರಲ್ಲ,” ಎಂದರು. ಅಷ್ಟೇ.

ಅದೇ ವರ್ಷ ನೀಲಾ ಫೋನು ಮಾಡಿದಳು. ಅವಳಿಗೂ ಸ್ರಾವ ಬಹಳವಾಗಿತ್ತು. ಅವಳ ಗಂಡನ ಮನೆಯವರು ಆಗಲೇ ತೋರಿಸಿಬಿಟ್ಟಿದ್ದರು. ಎಲ್ಲಿ ಎಂದು ಕೇಳಿದರೆ ನನ್ನನ್ನು ಕೊಯ್ದ ಅದೇ ಆಸ್ಪತ್ರೆ, ಅದೇ ಡಾಕ್ಟರು. “ಅಕ್ಕನ ಕೇಸ್ ಚಲೋ ಮಾಡಿದಾರಲ್ಲ, ಅಲ್ಲೇ ಹೋಗೂಣು ಅಂದ್ರು ಅಕ್ಕಾ. ಸೋಮವಾರ ಬಾ ಅಂದಾರ.” ನನ್ನ ಹೆಸರು ಹೇಳಿಯೇ ನನ್ನ ತಂಗಿಯನ್ನು ಅಲ್ಲಿಗೆ ಒಯ್ದಿದ್ದರು. ಅವಳು ನನಗಿಂತ ಬಹಳ ಚಿಕ್ಕವಳು. ಅವಳ ಚರ್ಮ ಈಗಲೂ ಹೊಳೆ ನೀರಿನಲ್ಲಿ ಮಿಂದೆದ್ದ ಹಾಗಿದೆ.

ನಾನು ವಿಜಯಪುರದ ಸ್ತ್ರೀರೋಗ ತಜ್ಞೆಗೆ ಫೋನು ಮಾಡಿ ಕೇಳಿದೆ. ಮೊದಲು ಔಷಧದಿಂದ ನೋಡಬಹುದು, ತೆಗೆಯಲೇಬೇಕಾದರೂ ಅಂಡಾಶಯ ಉಳಿಸಬಹುದು, ನೋಡದೆ ಏನೂ ಹೇಳಲಾರೆ, ಕರೆದುಕೊಂಡು ಬನ್ನಿ ಎಂದರು. ಇದನ್ನು ನೀಲಾಳ ಗಂಡನಿಗೆ ಹೇಳಿದೆ. ಆತ ಒಳ್ಳೆಯವನೇ, ಆದರೆ ಅವನಿಗೆ ಅವನ ಅವ್ವನ ಮಾತು, ಅವಳಿಗೆ ಡಾಕ್ಟರ ಮಾತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಸೋಮವಾರ ನಾನು ಶಾಲೆಗೆ ರಜೆ ಹಾಕಿ ಆಸ್ಪತ್ರೆಯ ಬಾಗಿಲಲ್ಲಿ ನಿಂತೆ. ನೀಲಾಳ ಗಂಡ ನನ್ನನ್ನು ನೋಡಿ, “ನೀವ ಒಳಗ ಹೋಗ್ರಿ, ಅಕ್ಕಾರ, ನನಗ ಈ ಹೆಂಗಸರ ಮಾತ ತಿಳಿಯಂಗಿಲ್ಲ,” ಎಂದ. ಅದೊಂದು ಉಪಕಾರ ಮಾಡಿದ.

ಕೋಣೆ ಹಾಗೆಯೇ ಇತ್ತು. ಡಾಕ್ಟರು ಸ್ಕ್ಯಾನಿನ ಚಿತ್ರವನ್ನು ಹಾಗೆಯೇ ಬೆಳಕಿಗೆ ಹಿಡಿದರು. ಯಜಮಾನರನ್ನು ಹುಡುಕಿ ಬಾಗಿಲ ಕಡೆ ನೋಡಿದರು. ಯಾರೂ ಬರದಿದ್ದಾಗ ಗೋಡೆಗೆ ಹೇಳಿದ ಹಾಗೆ ಹೇಳಿದರು: “ಚೀಲಾ ತಗದಬಿಡೂಣು. ಮಗ್ಗಲಾಗಿನ ಎರಡೂ ಗಂಟೂ ಜೋಡೀನ ತಗದ್ರ ಮುಂದ ಕಾಳಜಿನ ಇಲ್ಲ.”

“ಗಂಟಂದ್ರ ಏನ್ರಿ, ಸಾಹೇಬ್ರ?” ಎಂದೆ.

ಅವರು ಮೊದಲ ಸಲ ನನ್ನ ಮುಖ ನೋಡಿದರು.

“ಅಂಡಾಶಯ ಹೌದಲ್ರಿ ಅವು? ಅವಕ್ಕೇನರ ರೋಗ ಐತೇನ್ರಿ?”

“ರೋಗ ಇಲ್ಲ. ಮುಂದ ಬರಬಾರದಂತ ತಗೀತೀವಿ.”

“ನನಗೂ ಹಂಗ ತಗದ್ರಿ. ನನಗ್ಯಾಕ ಹೇಳಲಿಲ್ರಿ?”

“ಆವಾಗ ನಿಮ್ಮ ಯಜಮಾನರಿಗೆ ಹೇಳೇವಿ.”

“ಹೊಟ್ಟಿ ಯಾರದ್ರಿ?”

ನನ್ನ ದನಿ ಏರಿತ್ತು. ನರ್ಸು ಒಳಗೆ ಇಣುಕಿದಳು. ಡಾಕ್ಟರ ಮುಖ ಗಂಟಿಕ್ಕಿತು. ಅವರು ನನ್ನನ್ನು ಬಿಟ್ಟು ನೀಲಾಳ ಕಡೆ ತಿರುಗಿದರು. ಸಣ್ಣವಳು, ಬಾಯಿಲ್ಲದವಳು ಎಂದು ತಿಳಿದಿರಬೇಕು. “ನೋಡವಾ, ಇವರ ಮಾತ ಕೇಳಬ್ಯಾಡ. ನಿನಗ ಇಬ್ಬರು ಗಂಡಮಕ್ಕಳ ಅದಾವು. ಇನ್ನ ಅವನ್ನ ಇಟ್ಟಕೊಂಡ ಏನ್ಮಾಡಾಕಿ? ತಗದ್ರ ನಿನ್ನ ಗಂಟೇನ ಹೋಗತೈತಿ?”

ನೀಲಾ ಅಲ್ಲಿಯತನಕ ಸೆರಗಿನ ತುದಿ ತಿರುವುತ್ತ ತಲೆ ತಗ್ಗಿಸಿ ಕೂತಿದ್ದಳು. ಈಗ ಎದ್ದಳು. ಬೆಳಕಿಗೆ ಹಿಡಿದಿದ್ದ ಸ್ಕ್ಯಾನಿನ ಚಿತ್ರವನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಮಡಚಿದಳು.

“ನನ್ನ ಗಂಟಽ ಹೋಗತೈತಲ್ರಿ,” ಎಂದಳು.

ಹೊರಗೆ ಬಂದಾಗ ಕಾಯುವ ಬೆಂಚಿನ ತುಂಬ ಹೆಂಗಸರಿದ್ದರು. ಸಿಂದಗಿ ಕಡೆಯವರು, ಬಾಗೇವಾಡಿ ಕಡೆಯವರು, ಬುತ್ತಿ ಕಟ್ಟಿಕೊಂಡು ಬಂದವರು. ನನಗೆ ಬೇಗ ಅಲ್ಲಿಂದ ಹೋಗಬೇಕು ಅನ್ನಿಸುತ್ತಿತ್ತು. ತುದಿಯಲ್ಲಿ ಕೂತ ಒಬ್ಬಳು ನೀಲಾಳ ಸೆರಗು ಹಿಡಿದು ಮೆಲ್ಲಗೆ ಕೇಳಿದಳು, “ಏನಂದ್ರ ಯವ್ವಾ? ನಿಂದೂ ಚೀಲಾ ಏನು?”

ನೀಲಾ ನನ್ನ ಮುಖ ನೋಡಿದಳು. ಚಪ್ಪಲಿ ಹಾಕಿಕೊಂಡಿದ್ದವಳು ಮತ್ತೆ ಬಿಟ್ಟಳು.

“ಸ್ವಲ್ಪ ಸರದ ಕುಂದರ್ರಿ,” ಎಂದು ಆ ಹೆಂಗಸರ ನಡುವೆ ಕೂತಳು. “ನಮ್ಮಕ್ಕ ಟೀಚರ್ ಅದಾಳ. ಗಂಟಂದ್ರ ಏನಂತ ಅಕಿ ಹೇಳ್ತಾಳ.”

ಹೇಳಿದೆ. ಅವತ್ತು ನಮಗೆ ತಂಗಡಗಿಯ ಬಸ್ಸು ತಪ್ಪಿತು.